ಬೆರಳಗಲ

ಎಂಬತ್ತಾರರ ಬೇಸಿಗೆ. ಶಹಾಪುರ ದಾಟಿ
ಬಸ್ಸು ಮುಂದೆ ಹೋಗದಲ್ಲಿ ಇಳಿದು, ಉಳಿದ ಐದು ಮೈಲಿ
ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು
ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂಡಿಯಲ್ಲಿ ಕೂತೆ.
ಬಂಡಿ ಹೊಡೆಯುವವನ ಹಿಮ್ಮಡದಿಂದ
ಬಿಳಿ ದಾರವೊಂದು ಹೊರಬಂದು
ಕಡ್ಡಿಗೆ ಸುತ್ತಿಕೊಂಡಿತ್ತು.
"ನಾರು ರೀ," ಅಂದ, ಎತ್ತಿನ ಹೆಸರು ಹೇಳಿದ ಹಾಗೆ.

ಆ ಊರಲ್ಲಿ ನಾರು ತೆಗೆಯುವವಳು ಹಡಪದ ಭಾಗಮ್ಮ.
ಬೇವಿನ ಕಡ್ಡಿ, ಕುಸುಬಿ ಎಣ್ಣೆ, ಒಂದು ತಂಬಿಗೆ ನೀರು.
ದಿನಕ್ಕೆ ಬೆರಳಗಲ. ಮೇಲೆ ಎಳ್ಳಿನಷ್ಟೂ ಇಲ್ಲ.
"ಎಳದ್ರ ಹರೀತದ, ಹರದ್ರ ಒಳಗ ಕೀವಾಗ್ತದ,
ಆಮ್ಯಾಲ ಕಾಲೇ ಬ್ಯಾರೆ, ನೀನೇ ಬ್ಯಾರೆ."
ಮೂರು ವಾರ, ಕೆಲವೊಮ್ಮೆ ಐದು.
ಜೋಳದ ರಾಶಿ ಯಾರಿಗೂ ಕಾಯುವುದಿಲ್ಲ.
ಅವಳು ಕಾಯಿಸುತ್ತಿದ್ದಳು.

ತರಬೇತಿಯಲ್ಲಿ ನಮಗೆ ಹೇಳಿದ್ದರು:
ಹಳೆಯ ವೈದ್ಯರು ಹಲವರು ಇದನ್ನು ನರವೆಂದು ಬಗೆದರು,
ಅರಬ್ಬಿ ಪುಸ್ತಕಗಳಲ್ಲಿ ಮದೀನಾದ ನರ ಎಂದೇ ಹೆಸರು.
ನರವೋ, ಕೆಟ್ಟ ರಕ್ತ ಗಟ್ಟಿಯಾದದ್ದೋ, ಹುಳುವೋ,
ನೂರಾರು ವರ್ಷ ವಾದ ನಡೆಯಿತು.
ಬೀದರಿನ ಮದರಸಾದ ನೀಲಿ ಹೆಂಚಿನ ನೆರಳಲ್ಲೂ
ಯಾವನೋ ಒಬ್ಬ ಹುಡುಗ, ಕಾಲು ಕೆರೆದುಕೊಳ್ಳುತ್ತ
ಆ ಪುಟವನ್ನು ನಕಲು ಮಾಡಿರಬಹುದು.
ಅವನ ಮೀನಖಂಡದೊಳಗಿನ ಹುಳು
ತನ್ನ ಹೆಸರು ತಪ್ಪಾಗುವುದನ್ನು ಕೇಳುತ್ತ ಮಲಗಿರಬಹುದು.

ಮೆಟ್ಟಿಲ ಬಾವಿಯಿಂದ ಒಂದು ಶೀಶೆ ನೀರು ತಂದೆ.
ಚಾವಡಿ ಕಟ್ಟೆಯ ಮೇಲೆ ಕನ್ನಡಿಗೆ ಬಿಸಿಲು ಹಿಡಿದು
ಭಾಗಮ್ಮನನ್ನು ಕರೆದೆ.
ಒಂದೇ ಕಣ್ಣು ಮುಚ್ಚಲು ಅವಳಿಗೆ ಬರಲಿಲ್ಲ,
ಅಂಗೈಯಿಂದ ಮುಚ್ಚಿಕೊಂಡಳು.
ಬಹಳ ಹೊತ್ತಿನ ಮೇಲೆ:
"ಒಂದ ಕಣ್ಣಿಂದು ಅದ. ಜಿಗ್ಯಾಡಕತ್ತದ.
ಹೊಟ್ಟ್ಯಾಗ ಏನೋ ಸುರುಳಿ ಸುತಗೊಂಡದ."

ಹುಳು ನೀರಿಗೆ ಮರಿ ಬಿಡುವುದು, ಈ ಒಕ್ಕಣ್ಣ ಅದನ್ನು ನುಂಗುವುದು,
ನಾವು ಒಕ್ಕಣ್ಣನನ್ನು ಕುಡಿಯುವುದು, ವರ್ಷ ಕಳೆದು ಕಾಲು ಉರಿಯುವುದು
ಎಲ್ಲ ಹೇಳಿದೆ. ಕೇಳಿ,
"ಹಂಗಾದ್ರ ಲೆಕ್ಕ ಬರೋಬರಿ ಆತು ಬಿಡ್ರಿ," ಅಂದಳು.
"ಕೆಳಗಿನ ಕೇರ್ಯಾಗ ನಾ ಒಬ್ಬರ ಕಾಲಿಗೂ ಕಡ್ಡಿ ಸುತ್ತಿಲ್ಲ."

ಆ ಕೇರಿಯವರು ಬಾವಿಗೆ ಇಳಿಯುವಂತಿರಲಿಲ್ಲ.
ಹಳ್ಳದ ಮರಳು ಬಗೆದು
ವರತಿಯಲ್ಲಿ ಜಿನುಗುವುದನ್ನು ಚಿಪ್ಪಿನಿಂದ ತುಂಬಿಕೊಳ್ಳುತ್ತಿದ್ದರು.
ನಲವತ್ತು ವರ್ಷ ಇದನ್ನು ಕಂಡಿದ್ದಳು, ಹೇಳಿಯೂ ಇದ್ದಳು.
ಗೌಡರು ನಕ್ಕಿದ್ದರಂತೆ:
ದೇವರು ಅವರಿಗೆ ಒಂದಾದರೂ ಕಡಿಮೆ ಮಾಡಬೇಡವೇ.

ನನ್ನ ನಮೂನೆಯಲ್ಲಿ ಹನ್ನೊಂದು ಕಾಲಂ.
ಯಾವುದರಲ್ಲೂ ಇದಕ್ಕೆ ಜಾಗವಿರಲಿಲ್ಲ.
ಷರಾ ಎಂಬಲ್ಲಿ, ಸ್ಥಳೀಯರ ಸಹಕಾರ ಚೆನ್ನಾಗಿದೆ, ಎಂದು ಬರೆದೆ.
ನನ್ನ ಆ ದುಂಡು ಅಕ್ಷರ ಈಗಲೂ ಕಣ್ಣಿಗೆ ಚುಚ್ಚುತ್ತದೆ.

ಔಷಧಿ ಸಿಗಲಿಲ್ಲ. ಲಸಿಕೆಯೂ ಇಲ್ಲ.
ಕೊಡದ ಬಾಯಿಗೆ ಎರಡು ಮಡಿಕೆ ಬಿಳಿ ಬಟ್ಟೆ,
ಬಾವಿಗೆ ಕಟ್ಟೆ, ಒಂದು ಗಡಗಡಿ,
ಹುಣ್ಣಿನ ಕಾಲು ನೀರಿಗಿಡಬ್ಯಾಡ ಎಂಬ ಮಾತು.
ಇಷ್ಟೇ.
ಇಷ್ಟಕ್ಕೆ ಮನುಷ್ಯ ಸಾವಿರಾರು ವರ್ಷ ತೆಗೆದುಕೊಂಡ.

ಮೆಟ್ಟಿಲು ಮುಚ್ಚುವ ದಿನ ಊರು ಜಗಳಕ್ಕೆ ಬಂತು.
ನಮ್ಮ ಮುತ್ತ್ಯಾ ಕಟ್ಟಿಸಿದ್ದು, ಅಂದರು.
ಭಾಗಮ್ಮ ಡಾಲ್ಡಾ ಡಬ್ಬಿಯೊಂದನ್ನು ತಂದು
ಮೇಲಿನ ಮೆಟ್ಟಿಲ ಮೇಲೆ ಸುರಿದಳು:
ಆ ಒಂದು ಬೇಸಿಗೆಯ ಕಡ್ಡಿಗಳು.
ಯಾರ್ಯಾರ ಕಾಲು ಎಂದು ಹೆಸರು ಹಿಡಿದು ಎಣಿಸತೊಡಗಿದಳು.
ಮೂವತ್ತಕ್ಕೆ ಗೌಡರ ಮಗನ ಹೆಸರು ಬಂತು.
ಗಾರೆಯವನು ಕೆಲಸ ಶುರು ಮಾಡಿದ.

ಎಷ್ಟೋ ವರ್ಷದ ಮೇಲೆ, ನಿವೃತ್ತನಾಗಿ, ಹಾಗೇ ಹೋಗಿದ್ದೆ.
"ನನಗ ಕೆಲಸ ಇಲ್ಲದಂಗ ಮಾಡಿದಿ ನೋಡಪಾ," ಎಂದು ನಕ್ಕಳು.
ಮಾತಾಡುತ್ತಲೇ ಸೆರಗಿನ ಅಂಚು ಸುತ್ತುತ್ತಿದ್ದಳು,
ಬೆರಳಗಲ, ಮತ್ತೆ ಬೆರಳಗಲ.
ಹೊರಗೆ ಬೋರಿಂಗಿನ ಮುಂದೆ ಕೊಡಗಳ ಸಾಲು.
ಒಂದಲ್ಲ, ಎರಡು.
ಇದನ್ನು ದಿನಕ್ಕೆ ಎಷ್ಟು ಎಳೆಯಬೇಕು ಎಂದು
ನಾನು ಅವಳನ್ನು ಕೇಳಲಿಲ್ಲ.