ಒಂದು, ಎರಡು, ನಾಲ್ಕು

ಪಣಜಿಯ ತರಬೇತಿಯಲ್ಲಿ ಎರಡು ದಿನ.
ಎ.ಸಿ. ಕೋಣೆ, ಗೋಡಂಬಿ ಬಿಸ್ಕತ್ತು,
ಪರದೆಯ ತುಂಬ ಬಾಣಗಳು, ಬಣ್ಣದ ವೃತ್ತಗಳು.
ಮನೆಯಲ್ಲಿ ವಿಡಿಯೊ ನೋಡಲಿ, ತರಗತಿಯಲ್ಲಿ ಮಾತಾಡಲಿ,
ಇದು ಮಿಶ್ರ ಕಲಿಕೆ, ಬರೆದುಕೊಳ್ಳಿ ಅಂದರು.
ಬರೆದುಕೊಂಡೆ.
ಯಾವ ಮನೆ ಎಂದು ಕೇಳಲಿಲ್ಲ.

ಝುವಾರಿನಗರದ ಕನ್ನಡ ಶಾಲೆ, ಐದನೆಯ ತರಗತಿ,
ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು.
ಯಾರ ಮನೆಯಲ್ಲಿ ಫೋನಿದೆ?
ಎಲ್ಲ ಕೈಗಳೂ ಮೇಲೆ.
ಹಗಲು ಹೊತ್ತು ಮನೆಯಲ್ಲೇ ಇರುತ್ತದೆಯೆ?
ಒಂದೊಂದೇ ಇಳಿದವು.
ಏಳಕ್ಕೆ ಅದು ಅಪ್ಪನ ಜೊತೆ ವೆರ್ಣಾದ ಸೈಟಿಗೆ ಹೊರಡುತ್ತದೆ,
ರಾತ್ರಿ, ಗಾಜಿನ ಮೇಲೆ ಸಿಮೆಂಟು ಬಳಿದುಕೊಂಡು,
ಹನ್ನೊಂದು ಪರ್ಸೆಂಟು ಉಸಿರು ಹಿಡಿದುಕೊಂಡು
ತಿರುಗಿ ಬರುತ್ತದೆ.

ಭಿನ್ನರಾಶಿಯ ಪಾಠ ಮಾಡಿದ್ದು ನನ್ನ ಅಡುಗೆಮನೆಯಲ್ಲಿ,
ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ.
ಒಂದು ಪಾವ್, ನಾಲ್ಕು ತುಂಡು,
ಐದು ನಿಮಿಷ ನಲವತ್ತು ಸೆಕೆಂಡು.
ನಡುವೆ ಕುಕ್ಕರು ಕೂಗಿತು. ಅದನ್ನು ಕತ್ತರಿಸಲು
ನನಗೆ ಬರುವುದಿಲ್ಲ, ಹಾಗೇ ಕಳಿಸಿದೆ.

ಮರುದಿನ, ನೋಡಿದಿರಾ ಮಕ್ಕಳೇ?
ಒಬ್ಬ ಕುಕ್ಕರಿನ ಹಾಗೆ ಕೂಗಿದ. ಮೂರು ಸಲ.
ಎಣಿಕೆ ಸರಿಯಾಗಿತ್ತು.
ಪಾವಿನ ನೆನಪು ಯಾರಿಗೂ ಇಲ್ಲ.
"ಅಕ್ಕೋರ, ನಮ್ಮಪ್ಪನ ನೆಟ್ ಖಾಲಿ ಆಗಿತ್ರೀ."
"ಅಕ್ಕೋರ, ಬರೇ ಬಿಳೇ ಗುಂಡ ತಿರಗತಿತ್ರೀ,
ಅದನ್ನ ನೋಡಕೋತ ನೋಡಕೋತ ನಿದ್ದಿ ಬಂತ್ರೀ."
ನನಗೂ ತರಬೇತಿಯಲ್ಲಿ ಅದೇ ಆಗಿತ್ತು. ಬೈಯಲಿಲ್ಲ.

ಬುಧವಾರ ಶೇವಂತಿ ರಾಠೋಡ ಎದ್ದು ನಿಂತಳು.
ಜೂನಿನಿಂದ ಆ ಹುಡುಗಿಯ ದನಿ ಕೇಳಿದ್ದು
ಹಾಜರಿ ಕೂಗುವಾಗ ಮಾತ್ರ.
"ಅಕ್ಕೋರ, ನಮ್ಮಪ್ಪ ಕೇಳ್ಯಾನ್ರೀ,
ತಿನ್ನೋ ಪಾವ್ ಯಾಕ ಕೊಯ್ದ್ರಿ ಅಂತ.
ಮಾಲ್ ಕಲಸಿ ತೋರಿಸಿದ್ರ ತಿಳೀತಿತ್ತಲ್ಲ?"
ನಲ್ಲಿಯ ದೀಪದ ಕೆಳಗೆ, ಕೊಡಗಳ ಸಾಲಿನಲ್ಲಿ
ಇಡೀ ಓಣಿ ನನ್ನ ಪಾಠ ನೋಡಿತ್ತಂತೆ.
ಅವಳ ತಾಯಿ ಎರಡು ಸಲ.

ಪುಸ್ತಕ ಮುಚ್ಚಿದೆವು.
ಅಂಗಳದ ಕೆಂಪು ಮಣ್ಣೇ ಸಿಮೆಂಟು,
ಪಕ್ಕದ ಕಟ್ಟಡದವರನ್ನು ಕೇಳಿ ತಂದ ಮರಳು, ಜಲ್ಲಿ,
ಅಳತೆಗೆ ತೆಂಗಿನ ಕರಟ.
ಶೇವಂತಿ ಮೇಸ್ತ್ರಿ.
ಲಂಗವನ್ನು ಮೊಣಕಾಲಿಗೆ ಸಿಕ್ಕಿಸಿ ಕೂಗುತ್ತಾಳೆ:
ಒಂದ! ಎರಡ! ನಾಕ!
ಒಟ್ಟು ಎಷ್ಟು ಕರಟ? ಏಳರೀ.
ಸಿಮೆಂಟು?
ಏಳರಾಗ ಒಂದ್ರೀ, ಅಂದ ಮಾಬುಸಾಬ,
ಅಂದು, ತಾನೇ ಹೆದರಿ ಬಾಯಿ ಮುಚ್ಚಿಕೊಂಡ.
ಗೆರೆಯ ಮೇಲೊಂದು ಅಂಕಿ, ಗೆರೆಯ ಕೆಳಗೊಂದು,
ಕಡ್ಡಿಯಿಂದ ಆ ಮಣ್ಣಿನಲ್ಲೇ ಬರೆದರು.
ಕೋಳಿಯೊಂದು ಛೇದವನ್ನು ತುಳಿದು ಹೋಯಿತು.
ಮತ್ತೆ ಬರೆದರು.

ಅದನ್ನೂ ಫೋನಿನಲ್ಲಿ ಹಿಡಿದು ಕಳಿಸಿದೆ, ಈ ಸಲ
ಶಾಲೆಯಿಂದ ಸೈಟಿಗೆ.
ಊಟದ ಹೊತ್ತಿಗೆ ಬಂತು ತಾವರಪ್ಪನ ಉತ್ತರ,
ಹಿಂದೆ ಮಿಕ್ಸರಿನ ಗಡಗಡ:
"ಎಲ್ಲಾ ಬರೋಬ್ಬರಿ ಐತ್ರೀ ಅಕ್ಕೋರ.
ನೀರು ಹೇಳೇ ಇಲ್ಲಲ್ಲ?
ಅದಕ್ಕ ಕರಟದ ಲೆಕ್ಕ ಇಲ್ರೀ, ಮಾಲ್ ನೋಡಿ ಹಾಕಬೇಕು.
ಕಡಿಮಿ ಆದ್ರ ಕೂಡಂಗಿಲ್ಲ,
ಹೆಚ್ಚಾದ್ರ ಮುಂದ ಬಿರುಕ ಬಿಡತೈತಿ."

ತಿಂಗಳ ಕೊನೆಗೆ ಫಾರಮ್ಮು ಬಂತು.
ಪರದೆಯ ಮೇಲೆ ಎಷ್ಟು ನಿಮಿಷ, ಹಲಗೆಯ ಮುಂದೆ ಎಷ್ಟು,
ಶೇಕಡಾವಾರು ತುಂಬಿರಿ.
ತುಂಬಿದೆ, ಅಂದಾಜಿನಲ್ಲಿ.
ಇತರೆ ಎಂಬ ಸಣ್ಣ ಚೌಕದಲ್ಲಿ
ನೀರು ಎಂದು ಬರೆದೆ.

ಮುಖ್ಯೋಪಾಧ್ಯಾಯರು ಕನ್ನಡಕ ಏರಿಸಿ ಓದಿ
ಕುಡಿಯುವ ನೀರಿನ ಬೇಡಿಕೆ ಎಂದುಕೊಂಡು ಸಹಿ ಹಾಕಿದರು.
ನಾನು ತಿದ್ದಲಿಲ್ಲ.
ಮೂರು ದಿನದಿಂದ ಶಾಲೆಯ ನಲ್ಲಿಯೂ
ಬರೇ ಗಾಳಿ ಊದುತ್ತಿತ್ತು.