ಮೊಣಕಾಲೂರುವ ಹಲಗೆ

ಪಾಪನಿವೇದನೆಯ ಗೂಡಿಗೆ ಗೆದ್ದಲು ಹಿಡಿದಿದೆ,
ಬಂದು ನೋಡು ಕೈತಾನ, ಎಂದು
ಗುರ್ಕಾರ ಇನಾಸ ಹೇಳಿಕಳಿಸಿದ.
ಸಾಗರದ ಈ ಇಗರ್ಜಿಯಲ್ಲಿ ನನಗೆ
ಹದಿಮೂರು ವರ್ಷದಿಂದ ಪ್ರಸಾದವಿಲ್ಲ.
ಗೆದ್ದಲಿಗೆ ಆ ಕಟ್ಟಳೆಯಿಲ್ಲ.
ಉಳಿ, ಕೊಡತಿ, ಮೂಲೆಮಟ್ಟ ಚೀಲಕ್ಕೆ ತುಂಬಿ
ಸೋಮವಾರ, ಪೂಜೆಯಿಲ್ಲದ ಹೊತ್ತಿಗೆ ಹೋದೆ.

ಯಾರೋ ಹಳಬ ಮಾಡಿದ್ದು. ಹಲಸು.
ಒಂದು ಮೊಳೆಯಿಲ್ಲ, ಬರೀ ಕೀಲು. ಒಳ್ಳೆಯ ಕೈ.
ನಡುವಿನ ಜಾಲರಿಗೆ ಕಿರುಬೆರಳು ತೂರದಷ್ಟು ಸಣ್ಣ ಕಣ್ಣು.
ಗೆದ್ದಲು ಎದ್ದಿದ್ದು ಫಾದರ್ ಕೂರುವ ಕಡೆಯಿಂದ.
ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ,
ಆ ಗೋಡೆಗೆ ತೇವ ಜಾಸ್ತಿ, ಅಷ್ಟೇ.

ಅಳತೆಗೆಂದು ಆ ಕಡೆ ಕೂತೆ:
ಒರಗು, ತೋಳಿಗೆ ಆಸರೆ, ಮೆತ್ತೆ.
ಈ ಕಡೆ ಬಂದರೆ ಹಲಗೆಯೊಂದೇ,
ಅದರಲ್ಲಿ ಸವೆದ ಎರಡು ಕುಳಿ.
ಎಷ್ಟು ಜನರ ಮೊಣಕಾಲೋ. ನನ್ನ ಮಾಂಯ್‌ದೂ.
ಅವಳಿಗೆ ಹೇಳಲು ಏನಿತ್ತು?
ಹಾಲಿಗೆ ನೀರು ಬೆರೆಸಿದ್ದು,
ಅಪ್ಪನನ್ನು ಒಳಗೊಳಗೇ ಶಪಿಸಿದ್ದು.
ಅಪ್ಪ ಹೊಡೆದದ್ದನ್ನು ಇಲ್ಲಿ ಹೇಳುವಂತಿರಲಿಲ್ಲ,
ಅದು ಅವನ ಪಾಪ.
ಅವನು ಈ ಗೂಡಿಗೆ ಬರುತ್ತಿರಲಿಲ್ಲ.

ನನ್ನದು ಊರಿಗೇ ಗೊತ್ತು.
ಸೆವೆರಿನಾ ಗೋವಾದ ಬಸ್ಸು ಹತ್ತಿ ಹದಿನೈದು ವರ್ಷ.
ಸಿಟ್ಟಿಲ್ಲ. ಆಗ ನಾನು ಕುಡಿಯುತ್ತಿದ್ದೆ.
ಶಾಲೆಯ ಬೆಂಚು ರಿಪೇರಿಗೆ ಹೋದವನಿಗೆ
ಬಿಸಿಯೂಟ ಬೇಯಿಸುವ ಗುತ್ಯಮ್ಮ, ಗಂಡ ಸತ್ತವಳು,
ಉಳಿದ ಸಾರು ಬಡಿಸಿದಳು.
ಕುಡಿತ ಬಿಟ್ಟಿದ್ದು ಅವಳ ಜಗಲಿಯಲ್ಲಿ,
ಒಂಬತ್ತು ರಾತ್ರಿ, ನಡುಗುತ್ತ.
ಆಗ ಯಾವ ಗುರ್ಕಾರನೂ ಬಾಗಿಲು ತಟ್ಟಲಿಲ್ಲ.
ನಡುಕ ನಿಂತು ಇಬ್ಬರದೂ ಒಂದೇ ಒಲೆಯಾದಾಗ
ತಟ್ಟಿದರು.
ಅವಳ ಕಡೆಯವರೂ ಕೂಟ ಸೇರಿಸಿದರು,
ತಪ್ಪುಕಾಣಿಕೆ ಐದು ಸಾವಿರ, ತೆಂಗಿನಕಾಯಿ ಬೇರೆ.
ಅವಳು ಕಾಯಿ ಮಾತ್ರ ಕೊಟ್ಟಳು.
‘ಅಮ್ಮನಿಗೆ ಕಾಯಿ ಸಾಕು. ಐದು ಸಾವಿರ ಯಾರಿಗೆ?’

ಹೊಸ ಫಾದರ್ ಮೆಲುದನಿಯವರು, ಕೆಟ್ಟವರಲ್ಲ.
ತಾವೇ ಚಹಾ ತಂದರು.
ಒಂದು ದಾರಿಯಿದೆ ಕೈತಾನ, ಅಂದರು,
ಅಣ್ಣತಂಗಿಯ ಹಾಗೆ ಬಾಳುತ್ತೇವೆಂದು ಮಾತು ಕೊಟ್ಟರೆ
ಪ್ರಸಾದಕ್ಕೆ ಅಡ್ಡಿಯಿಲ್ಲ.

ನಾನು ಬಡಗಿ, ಫಾದರ್. ಅಳತೆ ಹೇಳಿ.
ಮಂಚ ನಾನೇ ಮಾಡಿದ್ದು, ಮತ್ತಿ, ನಾಲ್ಕಡಿ ಅಗಲ.
ಎಷ್ಟು ಇಂಚು ಬಿಟ್ಟು ಮಲಗಿದರೆ ತಂಗಿ?
ಮಾಗಿಯ ಚಳಿಗೆ ಅವಳ ಪಾದ
ನನ್ನ ಮೀನಖಂಡಕ್ಕೆ ತಾಗಿದರೆ ಯಾವ ಲೆಕ್ಕ?
ಮುಟ್ಟು ನಿಲ್ಲುವ ವರ್ಷ
ಬೆವೆತು ನಡುರಾತ್ರಿ ಎದ್ದು ಕೂತವಳ
ಬೆನ್ನು ನೀವಿದ್ದೆ. ಅದು ಅಣ್ಣನ ಕೈಯೋ?
ದೀಪ ಆರಿದ ಮೇಲೆ ನೋಡಿಕೊಳ್ಳೋದು ಯಾರು,
ಇನಾಸನೋ?

ಅವರು ನಗಲಿಲ್ಲ. ಕಿವಿ ಕೆಂಪಾಯಿತು.
ಇನ್ನೂ ಹುಡುಗ ಪ್ರಾಯ.
ಅವರ ಮಂಚದ ಅಳತೆಯನ್ನೂ
ಬೇರೆ ಯಾರೋ ತೆಗೆದದ್ದು.
ಚಹಾ ಆರಿತ್ತು, ಇಬ್ಬರೂ ಕುಡಿದೆವು.

ದೇವರಿಲ್ಲ ಎಂದು ನಾನೆಲ್ಲಿ ಹೇಳಿದೆ?
ಮರ ಸೀಳಿದಾಗ ಒಳಗಿನ ಸುಳಿ ಕಂಡರೆ
ಇವತ್ತೂ ಕೈ ತಾನಾಗಿ
ಹಣೆಗೆ ಹೋಗುತ್ತದೆ, ಎದೆಗೆ, ಭುಜಕ್ಕೆ.
ಅವನು ನನ್ನ ಹೊದಿಕೆ ಎತ್ತಿ ನೋಡುವವನೆಂದು
ನಂಬಲು ಮಾತ್ರ
ಆಗುವುದಿಲ್ಲ.

ಹೊನ್ನೆಯ ಹೊಸ ಹಲಗೆ ಕೂರಿಸಿದೆ, ಕನ್ನಡಿಯಂತೆ ನಯ.
ಹಳೆಯದನ್ನು ಒಲೆಗೆ ಹಾಕು ಅಂದ ಗುರ್ಕಾರ.
ಹೆಗಲ ಮೇಲೆ ಮನೆಗೆ ಹೊತ್ತು ತಂದೆ,
ಕೂತು ಉಣ್ಣಲು ಮಣೆಯಾದೀತೆಂದು.
‘ಇದೇನು ಕುಳಿ?’ ಗುತ್ಯಮ್ಮ ಬೆರಳಾಡಿಸಿದಳು.
ಮಾಂಯ್ ಮೊಣಕಾಲು ಎಂದೆ.
‘ಹಾಗಾದರೆ ಕೂರೋದು ಹೇಗೆ ಮಾರಾಯ’ ಅನ್ನುತ್ತ
ಅಡುಗೆಮನೆಯ ಗೋಡೆಗೆ ಒತ್ತರಿಸಿ ಇಟ್ಟಳು.
ಒಂದು ಕುಳಿಯಲ್ಲಿ ಕುಡಿಯುವ ನೀರಿನ ತಂಬಿಗೆ.
ಇನ್ನೊಂದರಲ್ಲಿ, ಸ್ವಲ್ಪ ಅಲುಗಾಡುತ್ತ,
ಉಪ್ಪಿನ ಮರಿಗೆ.