ಹೆಡಕು

ಬಣ್ಣ ಇನ್ನೂ ಹಚ್ಚಿರಲಿಲ್ಲ.
ಪೊಣಕಿ ಮರದ ಮೇಲೆ ಸೆಣಬಿನ ಚಿಂದಿ, ಅದರ ಮೇಲೆ
ಹುಣಸೆಬೀಜದ ಅಂಟಿಗೆ ಕಲ್ಲುಪುಡಿ ಕಲಸಿದ ಕಿಟ್ಟ.
ಎದೆಮಟ್ಟ ಒಬ್ಬ ರಕ್ಕಸ, ಬೂದಿ ಮೈ,
ಕಿನ್ನಾಳದ ನಮ್ಮ ಪಡಸಾಲೆಯಲ್ಲಿ ಮಣೆಯ ಮೇಲೆ
ಕ್ಷೌರಕ್ಕೆ ಕೂತವನ ಹಾಗೆ ಕೂತಿದ್ದ.

ಹಳೆಯ ಕಪ್ಪುಬಿಳುಪು ಚಿತ್ರದವನು.
ಸುಣ್ಣದ ಭಟ್ಟಿಯಲ್ಲಿ ಸತ್ತು, ಮೂರನೇ ರೀಲಿಗೆ ಎದ್ದು ಬರುವವನು.
ಆ ರೀಲು ಈಗ ಎಲ್ಲಿಯೂ ಇಲ್ಲ. ಉಳಿದದ್ದು
ಒಂದು ಹರಿದ ಪೋಸ್ಟರು, ಸರಿಯಾಗಿ ಮೂಗಿನ ಮೇಲೆ ಮಡಿಕೆ,
ಮತ್ತೆ ಇವರು ನಾಲ್ವರು, ತಿಂಗಳಿಗೊಮ್ಮೆ ಸೇರಿ
ಹಳೆ ಟಾಕೀಸಿನ ಸಾಮಾನು ಅದಲುಬದಲು ಮಾಡಿಕೊಳ್ಳುವವರು.
"ಮೊದಲ ಒಂದು ಮಾದರಿ ಮಾಡು ತಂಗಿ, ನೋಡ್ತೀವಿ.
ಪಾಸಾದರ ಹನ್ನೆರಡು."

ನೋಡಿದರು.

ರಾಯಚೂರಿನ ಹಲ್ಲಿನ ಡಾಕ್ಟರು ನಸ್ರುಲ್ಲಾ ಸಾಹೇಬರು
ಕಿಸೆಯಿಂದ ಪುಟ್ಟ ಕನ್ನಡಿ ತೆಗೆದು ಅವನ ಬಾಯಿಗೆ ಹಿಡಿದರು.
"ಕೋರೆ ಎರಡೂ ಸಮ ಅದಾವು. ತಪ್ಪು.
ಬಲಗಡೀದು ಮುಕ್ಕಾಗಿತ್ತು. ನಾ ಈ ಧಂದೆಕ್ಕ ಬಂದದ್ದ
ಆ ಮುಕ್ಕು ಹಲ್ಲು ನೋಡಿ."
ಯಾರೂ ನಗಲಿಲ್ಲ.

ಗಂಗಾವತಿ ಅಕ್ಕಿ ಗಿರಣಿಯ ಶರಭಣ್ಣನವರಿಗೆ ಹಲ್ಲು ಬೇಡ, ಬಣ್ಣ ಬೇಕು.
"ಹಸಿರು ಹಚ್ಚವ್ವ. ಪಾಚಿ ಹಸಿರು."
"ಕಪ್ಪುಬಿಳುಪಿನ್ಯಾಗ ಹಸಿರು ಎಲ್ಲಿ ಕಂಡ್ರಿ?"
"ಕಂಡೀನಿ. ಹಸಿರ ಇದ್ದ."
ಎಪ್ಪತ್ತರ ಮನುಷ್ಯ, ಕಿವಿ ಕೆಂಪಾಗಿತ್ತು.

ಸಿಂಧನೂರು ಕ್ಯಾಂಪಿನ ವೀರ್ರಾಜು ಟೇಪು ತಂದಿದ್ದರು.
ಹಣೆ, ದವಡೆ, ಹುಬ್ಬಿನಿಂದ ಹುಬ್ಬಿಗೆ.
ಪೋಸ್ಟರಿನದನ್ನೂ ಅಳೆದು, ಅಂಗೈಯಲ್ಲಿ ಭಾಗಾಕಾರ ಮಾಡಿ,
"ಅರ್ಧ ಇಂಚು ದಯೆ ಹೆಚ್ಚಾಗಿದೆ ಇವನಿಗೆ" ಅಂದರು.
ದಯೆ ಅಂತಲೇ ಅಂದರು. ನಾನು ಬರೆದುಕೊಂಡೆ.

ಚಹಾ ಬಂತು. ಸುಟ್ಟ ಕೆನ್ನೆ ಎಡದ್ದೋ ಬಲದ್ದೋ, ಜಗಳವೂ ಬಂತು.
ಇಬ್ಬರು ಎದ್ದು, ಒಂದು ಕಾಲು ಎಳೆಯುತ್ತಾ, ಕೈ ಚಾಚಿ,
ಅವನು ನಡೆದದ್ದನ್ನು ನಡೆದು ತೋರಿಸಿದರು.
ಗೂಡಿನಲ್ಲಿ ಒಣಗಲು ಇಟ್ಟ ಗಿಣಿಗಳು ಅಲುಗಾಡಿದವು.

ಹುಲಿಗೇಶಪ್ಪ ಮಾತ್ರ ಮಾತಾಡಿರಲಿಲ್ಲ.
ಬಸ್ ಕಂಡಕ್ಟರಾಗಿದ್ದವರು. ಕೂಡಿಡುವುದು ಸಿನಿಮಾ ಟಿಕೀಟು ಅಷ್ಟೇ,
ಹಿಂಬದಿಗೆ ಪೆನ್ಸಿಲಿನಲ್ಲಿ ತಾರೀಕು.
ಎದ್ದರು. ರಕ್ಕಸನ ಮುಂದೆ ನಿಲ್ಲಲಿಲ್ಲ,
ಮಣೆ ಸುತ್ತಿ ಹಿಂದಕ್ಕೆ ಹೋದರು.
ಬಹಳ ಹೊತ್ತು.
ಆಮೇಲೆ, "ಹೌದು, ಇವನ."

"ಮುಖ ನೋಡ್ರಿ ಮೊದಲ!" ಶರಭಣ್ಣ ರೇಗಿದರು.

"ಮುಖ ನಾ ಕಂಡಿಲ್ಲ.
ಕುಕನೂರಿನ ಟೆಂಟಿನ್ಯಾಗ, ಇವ ನಮ್ಮ ಕಡೆ ತಿರುಗಬೇಕು ಅನ್ನೂದರಾಗ
ರೀಲು ಹತ್ತಿಕೊಂಡು ಉರೀತು.
ಟಿಕೀಟು ಕೊಡ್ರಿ, ರೊಕ್ಕ ವಾಪಸ್ ಕೊಡ್ತೀವಿ ಅಂದ್ರು. ನಾ ಕೊಡಲಿಲ್ಲ.
ಎಂಟು ವರ್ಷದ ಹುಡುಗ.
ಹೆಡಕು ಅಷ್ಟ ಗೊತ್ತು ನನಗ."

ಹೆಡಕು ನೋಡಿ ಬೊಂಬೆ ಕೊಂಡವರನ್ನು ನಾನು ಕಂಡಿಲ್ಲ.
ಗೋಡೆಗೆ ಆನಿಸಿ ಇಡುವ ದೇವರಿಗೂ ನಾವು ಬೆನ್ನ ಹಿಂದೆ
ಒಂದೇ ಕೈ ಬಣ್ಣ ಬಳಿದು ಬಿಡುತ್ತೇವೆ.
ಹಲ್ಲಿಗೆ ನಾಲ್ಕು ದಿನ ಹಿಡಿದಿತ್ತು, ಹುಬ್ಬಿಗೆ ಎರಡು.
ಹೆಡಕನ್ನು ಕೈ ತಾನೇ ಮಾಡಿ ಮುಗಿಸಿತ್ತು.
ಇದೇ ಪಡಸಾಲೆಯಲ್ಲಿ ಅಪ್ಪನ ಹಿಂದೆ ಕೂತು
ಕಿಟ್ಟ ಅರೆದ ಕೈ.
ಬೊಂಬೆಗೆ ಕಣ್ಣು ಬರೆಯಲು ಬಗ್ಗಿದಾಗ ಅಪ್ಪನ ಹೆಡಕಿನಲ್ಲಿ
ಒಂದು ಎಲುಬು ಹೊರಗೆ ಬಂದು ನಿಲ್ಲುತ್ತಿತ್ತು.

ಹೇಳಲಿಲ್ಲ.

ಮುಕ್ಕು ಹಲ್ಲು, ಪಾಚಿ ಹಸಿರು, ದಯೆ ಅರ್ಧ ಇಂಚು ಕಡಿಮೆ,
ಕೆನ್ನೆಯದು ಮುಂದಿನ ತಿಂಗಳು ತಿಳಿಸುತ್ತಾರಂತೆ.
ಮುಂಗಡ ಎಣಿಸಿ ಕೊಟ್ಟರು.
ಹುಲಿಗೇಶಪ್ಪ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ,
"ನಂದಕ್ಕ ಕಣ್ಣು ಬರೀಬ್ಯಾಡವ್ವ," ಅಂದರು,
"ಗ್ವಾಡಿ ಕಡೆ ಮುಖ ಮಾಡಿ ಇಡಾಂವ."

ಸಂಜೆ ಮಾದರಿಯನ್ನು ಒಳಗಿಡಲು ಎತ್ತಿದೆ.
ಕಿಟ್ಟ ಹಿಂದುಗಡೆ ಇನ್ನೂ ಹಸಿ.
ಆ ಎಲುಬಿನ ಮೇಲೆ ಒಂದು ಹೆಬ್ಬೆರಳು ಮೂಡಿತ್ತು,
ಟಿಕೀಟು ಹರಿದು ಹರಿದು ಸವೆದದ್ದು, ಗೆರೆಗಳೇ ಇಲ್ಲ.
ಅರಿವೆ ಒದ್ದೆ ಮಾಡಿ ತಂದೆ.
ಹೊರಗೆ ಕೊಪ್ಪಳದ ಬಸ್ಸು ಇನ್ನೂ ಹಾರ್ನ್ ಹಾಕುತ್ತಿತ್ತು.
ಅರಿವೆಯಲ್ಲಿ ಮಣೆ ಒರೆಸಿದೆ.